ಗಂಡು ಬೆಕ್ಕು ಗೋಡೆಗೆ ಉಚ್ಚೆ ಹೊಡೆಯುತ್ತಿದೆಯೇ? ಆಪರೇಷನ್, ಇಂಪ್ಲಾಂಟ್, ಡಿಫ್ಯೂಸರ್, ಮಾತ್ರೆ: ಯಾವುದು ಯಾರಿಗೆ

ಮರಿಯಾಗಿದ್ದಾಗ ತಂದ ಗಂಡು ಬೆಕ್ಕಿಗೆ ಏಳೆಂಟು ತಿಂಗಳು ತುಂಬುವ ಹೊತ್ತಿಗೆ ಮನೆಯವರೆಲ್ಲರ ಪ್ರಶ್ನೆಗಳೂ ಒಂದೇ ಕಡೆ ಬಂದು ನಿಲ್ಲುತ್ತವೆ. ಸೋಫಾದ ಬೆನ್ನಿಗೆ, ಪರದೆಗೆ, ಚಪ್ಪಲಿ ಸ್ಟ್ಯಾಂಡಿಗೆ, ಗ್ಯಾಸ್ ಸಿಲಿಂಡರಿಗೆ ಬಾಲ ಎತ್ತಿ ಚಿರ್ರನೆ ಹೊಡೆದು ಹೋಗುತ್ತಿದೆ. ಬೀಜ (ವೃಷಣ) ತೆಗೆಸುವ ಆಪರೇಷನ್ ಮಾಡಿಸಬೇಕೆ? ಮಾಡಿಸಿದರೆ ಯಾವ ವಯಸ್ಸಿಗೆ, ಎಲ್ಲಿ? ಕತ್ತರಿ ಹಾಕದೆ ಇಂಜೆಕ್ಷನ್‌ನಲ್ಲೇ ಅಥವಾ ಚರ್ಮದಡಿಗೆ ಸೇರಿಸುವ ಇಂಪ್ಲಾಂಟಿನಲ್ಲೇ ಮುಗಿಸಬಹುದೆ? ಗೋಡೆಯ ಪ್ಲಗ್ಗಿಗೆ ಹಾಕುವ, ವಾಸನೆ ಬಿಡುವ ಡಿಫ್ಯೂಸರ್ ಸಾಕೆ? ಆಪರೇಷನ್ ಆಗಿಯೂ ಹೊಡೆಯುತ್ತಿದ್ದರೆ ಮುಂದೇನು?

ಇವೆಲ್ಲ ಒಂದಕ್ಕೊಂದು ಬದಲಿಯಂತೆ ಕಾಣುತ್ತವೆ, ಆದರೆ ಅಲ್ಲ. ಬೀಜ ಇರುವ ಬೆಕ್ಕಿಗೆ ಆಪರೇಷನ್ ಮತ್ತು ಇಂಪ್ಲಾಂಟ್ ಬಿಟ್ಟು ಉಳಿದದ್ದೆಲ್ಲ ಮೇಲುಪಚಾರ. ಬೀಜ ತೆಗೆದ ಮೇಲೂ ಹೊಡೆಯುವ ಬೆಕ್ಕಿಗೆ ಆ ಮೇಲುಪಚಾರವೇ ಚಿಕಿತ್ಸೆ. ನಿಮ್ಮ ಬೆಕ್ಕು ಈ ಎರಡರಲ್ಲಿ ಯಾವ ಗುಂಪಿನದು ಎಂಬುದು ಮೊದಲು ತೀರ್ಮಾನವಾಗಲಿ.

ಖರ್ಚಿಗೆ ಮುಂಚೆ: ಇದು ಯಾವ ಉಚ್ಚೆ?

ಇದು ತನ್ನ ಜಾಗವೆಂದು ಗುರುತು ಹಾಕುವ ಬೆಕ್ಕು ನಿಂತೇ ಇರುತ್ತದೆ. ಗೋಡೆಗೋ ಬಾಗಿಲಿಗೋ ಬೆನ್ನು ಮಾಡಿ, ಬಾಲ ನೆಟ್ಟಗೆ ಎತ್ತಿ, ತುದಿ ನಡುಗಿಸುತ್ತಾ, ಹಿಂಗಾಲು ತುಳಿಯುತ್ತಾ ಸ್ವಲ್ಪವೇ ಚಿಮ್ಮಿಸುತ್ತದೆ. ಕಲೆ ನೆಲದಿಂದ ಸುಮಾರು ಒಂದಡಿ ಮೇಲೆ ಬಿದ್ದು ಕೆಳಗೆ ಇಳಿದಿರುತ್ತದೆ. ಮಾಮೂಲಿ ಉಚ್ಚೆಗೆ ಅದೇ ಬೆಕ್ಕು ಲಿಟರ್ ಟ್ರೇಗೆ ತಪ್ಪದೆ ಹೋಗುತ್ತಿರುತ್ತದೆ. ಇದಕ್ಕೆ ಬದಲು ಹಾಸಿಗೆ, ಕಾಲೊರಸು, ಒಗೆಯುವ ಬಟ್ಟೆ ರಾಶಿಯ ಮೇಲೆ ಕೂತು ದೊಡ್ಡದಾಗಿ ಒದ್ದೆ ಮಾಡಿದರೆ ಅದು ಗುರುತಲ್ಲ. ಟ್ರೇ ಕೊಳಕಾಗಿದೆ, ಚಿಕ್ಕದಾಗಿದೆ, ಇಟ್ಟ ಜಾಗ ಹಿಡಿಸಿಲ್ಲ, ಇಲ್ಲವೇ ಮೂತ್ರಕೋಶದಲ್ಲಿ ನೋವಿದೆ. ಈ ಎರಡನೆಯ ಬಗೆಗೆ ಆಪರೇಷನ್ ಮಾಡಿಸಿ ಆಮೇಲೆ "ಏನೂ ಪ್ರಯೋಜನವಾಗಲಿಲ್ಲ" ಎನ್ನುವವರು ಬಹಳ ಮಂದಿ. ಅಲ್ಲಿ ಬೇಕಿದ್ದದ್ದು ಮೂತ್ರ ಪರೀಕ್ಷೆ.

ಮೂರನೆಯದು ತುರ್ತು. ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕುವುದು, ಹನಿ ಹನಿಯಾಗಿ ಅಥವಾ ರಕ್ತ ಬೆರೆತು ಬರುವುದು, ಕೂಗುವುದು, ಮರ್ಮಾಂಗವನ್ನು ಬಿಡದೆ ನೆಕ್ಕುವುದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು, ಹರಳಿನ ಪುಡಿ ಅಥವಾ ಲೋಳೆ ಸೇರಿದರೆ ಪೂರ್ತಿ ಕಟ್ಟಿಕೊಳ್ಳುತ್ತದೆ. ಒಂದು ಹನಿಯೂ ಬರುತ್ತಿಲ್ಲವೆಂದರೆ ರಾತ್ರಿಯಾದರೂ ಹೊರಡಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸಿ ಕಾಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಏನನ್ನು ತೂಗಿ ನೋಡಬೇಕು

ಗಂಡು ಬೆಕ್ಕಿನ ಉಚ್ಚೆಯ ಸಿಂಡು ನಾತಕ್ಕೆ ಕಾರಣ ಫೆಲಿನಿನ್ ಎಂಬ ಅಮೈನೋ ಆಮ್ಲ. ಬೀಜ ಇರುವ ಗಂಡಿನಲ್ಲಿ ಅದು ಹೇರಳ, ಆಪರೇಷನ್ ಆದದ್ದರಲ್ಲಿ ತೀರಾ ಕಡಿಮೆ. ಗಾಳಿಗೆ ಬಿದ್ದ ಮೇಲೆ ಅದು ಒಡೆದು ಗಂಧಕದ ಸಂಯುಕ್ತಗಳಾಗುತ್ತದೆ. ಅದಕ್ಕೇ ಹೊಸ ಕಲೆಗಿಂತ ನಿನ್ನೆಯ ಕಲೆ ಹೆಚ್ಚು ನಾರುವುದು. ಹಾಗಾಗಿ ಯಾವುದೇ ಉಪಾಯಕ್ಕೆ ಮೊದಲ ಪ್ರಶ್ನೆ: ಚಿಮ್ಮಿಸುವುದು ಮಾತ್ರ ಕಡಿಮೆಯಾಗುತ್ತದೆಯೇ, ನಾತವೂ ಹೋಗುತ್ತದೆಯೇ? ಎರಡನೆಯದು, ಎಷ್ಟು ವಾರದಲ್ಲಿ? ಮೂರು, ಬೆಕ್ಕಿನ ಜೀವಕ್ಕೆ ಅಪಾಯ ಎಷ್ಟು? ನಾಲ್ಕು, ಮುಂದೆ ಮರಿ ಬೇಕೆನಿಸಿದರೆ ಹಿಂದಕ್ಕೆ ಬರುವ ದಾರಿ ಇದೆಯೇ? ಐದನೆಯದನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ: ಇವತ್ತಿನ ಬಿಲ್ಲಲ್ಲ, ಮುಂದಿನ ಮೂರು ವರ್ಷದ ಒಟ್ಟು ಖರ್ಚು ಎಷ್ಟು? ಮನೆಯೊಳಗೇ ಇರುವ ಬೆಕ್ಕು ಹದಿನೈದು ವರ್ಷ ಬದುಕಬಹುದು ಎಂಬುದನ್ನು ಲೆಕ್ಕದಲ್ಲಿಡಿ.

ಆಪರೇಷನ್

ವೃಷಣದ ಚೀಲದ ಮೇಲೆ ಸಣ್ಣ ಸೀಳು ಮಾಡಿ, ಎರಡೂ ಬೀಜಗಳನ್ನು ಹೊರತೆಗೆದು, ಅವುಗಳ ನಾಳವನ್ನೇ ಗಂಟು ಹಾಕಿ ಕತ್ತರಿಸುತ್ತಾರೆ. ಅಭ್ಯಾಸವಿರುವ ವೈದ್ಯರಿಗೆ ಐದು ಹತ್ತು ನಿಮಿಷದ ಕೆಲಸ. ಹೊರಗೆ ಹೊಲಿಗೆ ಸಾಮಾನ್ಯವಾಗಿ ಇರುವುದಿಲ್ಲ, ಗಾಯ ತಾನಾಗಿ ಕೂಡಿಕೊಳ್ಳುತ್ತದೆ. ಹೆಣ್ಣು ಬೆಕ್ಕಿನಂತೆ ಹೊಟ್ಟೆ ತೆರೆಯುವ ಪ್ರಶ್ನೆ ಇಲ್ಲವಾದ್ದರಿಂದ ಖರ್ಚೂ ಕಡಿಮೆ, ಚೇತರಿಕೆಯೂ ಬೇಗ.

ಫಲ ಎಷ್ಟು? ಅಮೆರಿಕದ ಸಂಶೋಧಕರಾದ ಹಾರ್ಟ್ ಮತ್ತು ಬ್ಯಾರೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನ ಈಗಲೂ ಆಧಾರ. ದೊಡ್ಡವಾದ ಮೇಲೆ ಆಪರೇಷನ್ ಆದ ಗಂಡು ಬೆಕ್ಕುಗಳಲ್ಲಿ ನೂರಕ್ಕೆ 90ರ ಆಸುಪಾಸು ಉಚ್ಚೆ ಹೊಡೆಯುವುದನ್ನು ಬಿಟ್ಟವು ಅಥವಾ ತೀರಾ ಕಡಿಮೆ ಮಾಡಿದವು. ಹೆಚ್ಚಿನವು ಬೇಗನೆ ಬಿಟ್ಟವು, ಕೆಲವು ತಿಂಗಳುಗಟ್ಟಲೆ ತೆಗೆದುಕೊಂಡವು. ರಕ್ತದಲ್ಲಿನ ಟೆಸ್ಟೊಸ್ಟೆರಾನ್ ಒಂದೆರಡು ದಿನದಲ್ಲೇ ಇಳಿದರೂ ನಡವಳಿಕೆ ಅಷ್ಟು ಬೇಗ ಬದಲಾಗುವುದಿಲ್ಲ. ಆಪರೇಷನ್ ಆದ ಮಾರನೆಯ ವಾರ ಗೋಡೆ ಒದ್ದೆಯಾದರೆ ಗಾಬರಿ ಬೇಡ. ಆರು ತಿಂಗಳಾದರೂ ಬಿಡದಿದ್ದರೆ ಮಾತ್ರ ಬೇರೆ ಕಾರಣ ಹುಡುಕಬೇಕು. ಊರು ಸುತ್ತುವುದು, ಕಾದಾಡುವುದು ಕೂಡ ಇದರಿಂದಲೇ ಇಳಿಯುತ್ತವೆ. ಕಚ್ಚಾಟದ ಗಾಯದಿಂದ ಕೀವು ಕಟ್ಟುವುದು, ಕಚ್ಚಿನಿಂದ ಹರಡುವ ಬೆಕ್ಕಿನ ಏಡ್ಸ್ ವೈರಸ್, ಇವುಗಳ ಅಪಾಯವೂ ಅದರ ಜತೆಗೇ ಇಳಿಯುತ್ತದೆ.

ವಯಸ್ಸಿನ ಗೊಂದಲ

"ಒಮ್ಮೆ ಹೊಡೆಯಲು ಕಲಿತರೆ ಮುಗಿಯಿತು, ಆಮೇಲೆ ಆಪರೇಷನ್ ಮಾಡಿಸಿಯೂ ದಂಡ" ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಆ 1973ರ ಅಧ್ಯಯನದಲ್ಲಿ ಆಪರೇಷನ್ನಿನ ವಯಸ್ಸಿಗೂ ಫಲಕ್ಕೂ ನಂಟು ಕಾಣಲಿಲ್ಲ. ಇನ್ನೊಂದು ಕಡೆ, ಪ್ರಾಯಕ್ಕೆ ಬರುವ ಮುಂಚೆಯೇ ಬೀಜ ತೆಗೆಸಿದ ಗಂಡುಗಳಲ್ಲೂ ಹತ್ತರಲ್ಲಿ ಒಂದು ಮುಂದೆ ಹೊಡೆಯುತ್ತದೆ. ಅಂದರೆ ನಾಲ್ಕು ವರ್ಷದ ಬೆಕ್ಕಿಗೂ ಆಪರೇಷನ್ ಕೈಬಿಡಬೇಕಿಲ್ಲ. ಬೇಗ ಮಾಡಿಸಿದೆವೆಂದು ಪೂರ್ತಿ ಖಾತ್ರಿಯೂ ಇಲ್ಲ.

ಹಾಗಿದ್ದರೆ ಬೇಗ ಯಾಕೆ? ನಡುವಿನ ತಿಂಗಳುಗಳ ನಾತ, ಓಟ, ಹೊಡೆದಾಟ ತಪ್ಪುತ್ತದೆ ಎಂಬುದಕ್ಕೆ. ಗಂಡು ಮರಿ ಐದಾರು ತಿಂಗಳಿಗೇ ಪ್ರಾಯಕ್ಕೆ ಬರಬಹುದು. ಅದಕ್ಕೆ ಐದು ತಿಂಗಳು ತುಂಬುವುದರೊಳಗೆ ಮಾಡಿಸಿ ಎನ್ನುವುದು ಈಗಿನ ಸಲಹೆ. ಮೂರು ಸಂಯುಕ್ತ ಲಸಿಕೆ ಮತ್ತು ರೇಬೀಸ್ ಲಸಿಕೆ ಮುಗಿಸಿ ನಾಲ್ಕೂವರೆ ಐದು ತಿಂಗಳಿಗೆ ಹೋದರೆ ಸರಿಹೋಗುತ್ತದೆ. ಆಶ್ರಯಧಾಮಗಳಲ್ಲಿ ಎಂಟು ವಾರದ, ಒಂದು ಕೆಜಿ ತೂಗುವ ಮರಿಗಳಿಗೂ ಮಾಡುತ್ತಾರೆ, ಆದರೆ ಅದಕ್ಕೆ ಬೇಕಾದ ಎಚ್ಚರ ಬೇರೆಯೇ. ಮನೆ ಬೆಕ್ಕಿಗೆ ಆ ಅವಸರ ಬೇಡ. ಬೇಗ ಬೀಜ ತೆಗೆದರೆ ಮೂತ್ರನಾಳ ಸಣ್ಣಗಾಗಿ ಉಚ್ಚೆ ಕಟ್ಟುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಅಳೆದು ನೋಡಿದ ಅಧ್ಯಯನಗಳಲ್ಲಿ ನಾಳದ ಅಗಲದಲ್ಲಿ ವ್ಯತ್ಯಾಸ ಸಿಕ್ಕಿಲ್ಲ. ಉಚ್ಚೆ ಕಟ್ಟುವುದಕ್ಕೆ ಬೊಜ್ಜು, ಬರೀ ಒಣ ಆಹಾರ, ಕಡಿಮೆ ನೀರು, ಮಾನಸಿಕ ಒತ್ತಡ, ಇವು ಕಾರಣ. "ಒಂದು ಸಲ ಹೆಣ್ಣಿನ ಜತೆ ಬಿಟ್ಟು ಆಮೇಲೆ ಮಾಡಿಸಿ" ಎಂಬ ಉಪದೇಶದಿಂದ ಬೆಕ್ಕಿಗೆ ಯಾವ ಲಾಭವೂ ಇಲ್ಲ, ಬೀದಿಗೆ ನಾಲ್ಕೈದು ಮರಿ ಸೇರುತ್ತವೆ ಅಷ್ಟೇ.

ಎಲ್ಲಿ ಮಾಡಿಸುವುದು

ಖಾಸಗಿ ಕ್ಲಿನಿಕ್, ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಪ್ರಾಣಿದಯಾ ಸಂಸ್ಥೆಯ ಶಿಬಿರ: ಮೂರೂ ಒಳ್ಳೆಯವೇ, ಮೂವರು ಬೇರೆ ಬೇರೆ ಜನಕ್ಕೆ.

ಖಾಸಗಿ ಕ್ಲಿನಿಕ್‌ನಲ್ಲಿ ಸಮಯ ನಿಗದಿ, ರಾತ್ರಿ ಫೋನ್ ಮಾಡಿದರೆ ಉತ್ತರ ಸಿಗುತ್ತದೆ. ಬಿಲ್ಲು ಊರಿನಿಂದ ಊರಿಗೆ, ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ದುಪ್ಪಟ್ಟು ಬದಲಾಗುತ್ತದೆ. ಕೇವಲ ಮೊತ್ತ ಹೋಲಿಸಬೇಡಿ, ಅದರಲ್ಲಿ ಏನೇನು ಸೇರಿದೆ ಎಂದು ಕೇಳಿ. ರಕ್ತ ಪರೀಕ್ಷೆ, ಅರಿವಳಿಕೆ, ನೋವಿನ ಇಂಜೆಕ್ಷನ್, ಕೊರಳಪಟ್ಟಿ (ಗಾಯ ನೆಕ್ಕದಂತೆ ಕೊರಳಿಗೆ ಹಾಕುವ ಅಗಲ ಪಟ್ಟಿ), ಮರು ತಪಾಸಣೆ ಎಲ್ಲ ಸೇರಿದ ದರವೂ, ಬರೀ ಆಪರೇಷನ್ ದರವೂ ಒಂದೇ ಸಾಲಿನಲ್ಲಿ ಕಂಡರೆ ಕಡಿಮೆಯದು ಕೊನೆಗೆ ಹೆಚ್ಚಾಗಿಬಿಡಬಹುದು. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಶುಲ್ಕ ಕಡಿಮೆ, ತಜ್ಞರ ಕಣ್ಣಿರುತ್ತದೆ. ಬದಲಿಗೆ ಸರದಿ ಕಾಯಬೇಕು, ವಿದ್ಯಾರ್ಥಿಗಳು ಸುತ್ತ ನಿಂತಿರುತ್ತಾರೆ, ನಾಯಿಗಳ ಬೊಗಳಿನ ನಡುವೆ ಬೆಕ್ಕು ಹೆದರುತ್ತದೆ. ಬುಟ್ಟಿಯ ಮೇಲೆ ದಪ್ಪ ಟವೆಲ್ ಹೊದಿಸಿ. ಹೃದಯದ ತೊಂದರೆ, ಚೀಲಕ್ಕೆ ಇಳಿಯದ ಬೀಜದಂತಹ ತೊಡಕಿದ್ದರೆ ನನ್ನ ಮತ ಕಾಲೇಜು ಆಸ್ಪತ್ರೆಗೇ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ದನಕರು, ಕುರಿಮೇಕೆಗಳದ್ದೇ ಹೆಚ್ಚು ಕೆಲಸ. ಬೆಕ್ಕಿಗೆ ಮಾಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ ಹೋಗಿ. ಹೋರಿಗೆ ಬೀಜ ಒಡೆಯುವ ಬರ್ಡಿಜೊ ಇಕ್ಕಳವಾಗಲಿ, ಅರಿವಳಿಕೆ ಇಲ್ಲದ ಯಾವ ನಾಟಿ ವಿಧಾನವಾಗಲಿ ಬೆಕ್ಕಿಗೆ ಕೂಡದು.

ಸಂಸ್ಥೆಗಳ ರಿಯಾಯಿತಿ ಶಿಬಿರ ಮುಖ್ಯವಾಗಿ ಬೀದಿ ಬೆಕ್ಕು ಸಾಕುವವರಿಗೆ, ಒಟ್ಟಿಗೆ ಮೂರು ನಾಲ್ಕು ಬೆಕ್ಕು ಇರುವವರಿಗೆ. ದಿನಕ್ಕೆ ಹತ್ತಾರು ಮಾಡುವ ಕೈಗೆ ಚುರುಕು ಹೆಚ್ಚು. ಒಂದೊಂದು ಬೆಕ್ಕಿಗೂ ಆಮೇಲೆ ವಿವರವಾದ ಸಮಾಲೋಚನೆ ಮಾತ್ರ ನಿರೀಕ್ಷಿಸಬೇಡಿ.

ಎಲ್ಲಿಗೆ ಹೋದರೂ ನಾಲ್ಕು ಪ್ರಶ್ನೆ ಕೇಳಿ: ಅರಿವಳಿಕೆಯ ಔಷಧಿ ಯಾವುದು, ಅದನ್ನು ಇಳಿಸುವ ಔಷಧಿ ಇದೆಯೇ; ಆಪರೇಷನ್ ವೇಳೆ ಉಸಿರು ಮತ್ತು ಹೃದಯ ಗಮನಿಸುವವರು ಯಾರು; ಎಚ್ಚರವಾಗುವ ತನಕ ಬೆಚ್ಚಗೆ ಎಲ್ಲಿಡುತ್ತಾರೆ; ನೋವಿಗೆ ಏನು ಕೊಡುತ್ತಾರೆ. ಜೈಲಜೀನ್ ಮತ್ತು ಕೆಟಮಿನ್ ಹಳೆಯ, ಅಗ್ಗದ ಜೋಡಿ. ಆರೋಗ್ಯವಂತ ಮರಿ ತಾಳಿಕೊಳ್ಳುತ್ತದೆ, ಆದರೆ ಜೈಲಜೀನ್‌ಗೆ ಬೆಕ್ಕು ವಾಂತಿ ಮಾಡುವುದು ಸಾಮಾನ್ಯ, ಎಚ್ಚರವಾಗಲೂ ತಡ. ಪರ್ಷಿಯನ್‌ನಂತಹ ಚಪ್ಪಟೆ ಮೂತಿಯ ಬೆಕ್ಕಿಗೆ ಉಸಿರಾಟದ ನಳಿಕೆ ಮತ್ತು ಆಮ್ಲಜನಕ ಇರುವ ಜಾಗವೇ ಬೇಕು, ಅಲ್ಲಿ ಸಾವಿರ ರೂಪಾಯಿ ಉಳಿಸಲು ಹೋಗಬೇಡಿ. ಮೇನ್ ಕೂನ್ ತಳಿಯಲ್ಲಿ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ವಂಶದಲ್ಲೇ ಬರುವುದರಿಂದ ಮುಂಚೆ ಹೃದಯದ ಪರೀಕ್ಷೆ ಮಾಡಿಸುವುದು ಜಾಣತನ.

ಹಿಂದಿನ ರಾತ್ರಿಯಿಂದ ಉಪವಾಸ ಹಾಕುವುದು ಮನುಷ್ಯರ ಆಸ್ಪತ್ರೆಯ ರೂಢಿ. ದೊಡ್ಡ ಬೆಕ್ಕಿಗೆ ನಾಲ್ಕರಿಂದ ಆರು ಗಂಟೆ ಸಾಕು, ನಾಲ್ಕು ತಿಂಗಳೊಳಗಿನ ಮರಿಗೆ ಎರಡರಿಂದ ನಾಲ್ಕು ಗಂಟೆ. ಹೆಚ್ಚಾದರೆ ಮರಿಯ ರಕ್ತದಲ್ಲಿ ಸಕ್ಕರೆ ಇಳಿದು ಎಚ್ಚರವಾಗುವುದೇ ಕಷ್ಟವಾಗುತ್ತದೆ. ನೀರನ್ನು ಹೊರಡುವ ತನಕ ಇಡಿ. ನಿಮ್ಮ ವೈದ್ಯರು ಬೇರೆ ಗಂಟೆ ಹೇಳಿದರೆ ಅದನ್ನೇ ಪಾಲಿಸಿ.

ಮನೆಗೆ ತಂದ ಮೇಲೆ

ಮೊದಲ ರಾತ್ರಿ ಸಣ್ಣ ಕೋಣೆಯಲ್ಲಿ, ನೆಲದ ಮೇಲೆ, ಬೆಚ್ಚಗೆ. ಅಮಲು ಇಳಿಯುವ ಮುಂಚೆ ಸಜ್ಜಾ, ಅಟ್ಟ, ಬಾಲ್ಕನಿ ಹತ್ತಿದರೆ ಬೀಳುತ್ತದೆ. ಸಂಜೆಗೆ ಮಾಮೂಲಿಯ ಕಾಲು ಭಾಗ ಆಹಾರ ಕೊಡಿ. ಏಳು ದಿನ ಟ್ರೇಯಲ್ಲಿ ಮರಳು, ಬೆಂಟೊನೈಟ್ ಜೇಡಿಮಣ್ಣು, ಮರದ ಹೊಟ್ಟು ಬೇಡ, ಗಾಯದೊಳಗೆ ಸೇರಿಕೊಳ್ಳುತ್ತವೆ. ಹರಿದ ನ್ಯೂಸ್‌ಪೇಪರ್ ಚೂರು ಸಾಕು. ನೆಕ್ಕುವುದು ನಿಲ್ಲದಿದ್ದರೆ ಕೊರಳಪಟ್ಟಿ. ಹತ್ತು ದಿನ ಸ್ನಾನ ಇಲ್ಲ. ಅರಿಶಿನ, ಕೊಬ್ಬರಿ ಎಣ್ಣೆ, ಡೆಟಾಲ್ ಯಾವುದನ್ನೂ ಹಚ್ಚಬೇಡಿ. ಹಚ್ಚಿದ್ದನ್ನೆಲ್ಲ ಬೆಕ್ಕು ನೆಕ್ಕುತ್ತದೆ, ಅದರಲ್ಲೂ ಡೆಟಾಲ್ ಬೆಕ್ಕಿಗೆ ವಿಷ.

ಬೀಜ ತೆಗೆದ ಚೀಲ ಎರಡು ಮೂರು ದಿನ ಊದಿಕೊಂಡಿದ್ದು "ಇನ್ನೂ ಒಳಗೇ ಇದೆಯಲ್ಲ" ಎನಿಸಬಹುದು. ಅದು ನೀರು ತುಂಬಿದ ಊತ, ವಾರದಲ್ಲಿ ಇಳಿಯುತ್ತದೆ. ಮೊದಲಿದ್ದ ಗಾತ್ರಕ್ಕಿಂತ ದೊಡ್ಡದಾದರೆ, ರಕ್ತ ತೊಟ್ಟಿಕ್ಕುತ್ತಿದ್ದರೆ, ಕೀವು ಕಂಡರೆ, 24 ಗಂಟೆ ತಿನ್ನದಿದ್ದರೆ ಅಥವಾ ಉಚ್ಚೆ ಮಾಡದಿದ್ದರೆ ವಾಪಸ್ ಕರೆದೊಯ್ಯಿರಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆ ಕೊಲ್ಲಬಲ್ಲದು. ವೈದ್ಯರು ಮೆಲಾಕ್ಸಿಕ್ಯಾಮ್ ಬರೆದರೂ ಅದು ಬೆಕ್ಕಿನ ದ್ರವರೂಪದ್ದೇ ಆಗಿರಲಿ. ನಾಲ್ಕು ಕೆಜಿ ಬೆಕ್ಕಿನ ದಿನದ ಪ್ರಮಾಣ 0.2 ಮಿಲಿಗ್ರಾಂನಷ್ಟು, ಮನುಷ್ಯರ ಮಾತ್ರೆಯಲ್ಲಿ 7.5 ಅಥವಾ 15 ಮಿಲಿಗ್ರಾಂ ಇರುತ್ತದೆ.

ಇನ್ನೆರಡು ವಿಷಯ ಮರೆತುಹೋಗುವಂಥವು. ಬೀಜ ತೆಗೆದ ಮೇಲೂ ನಾಳದಲ್ಲಿ ವೀರ್ಯ ಉಳಿದಿರುವುದರಿಂದ ಆರು ವಾರ ಬೆದೆಗೆ ಬಂದ ಹೆಣ್ಣಿನಿಂದ ದೂರವಿಡಿ. ಮತ್ತೆ, ಹಸಿವು ಹೆಚ್ಚುತ್ತದೆ, ಮೈಗೆ ಬೇಕಾದ ಶಕ್ತಿ ಮಾತ್ರ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಬಟ್ಟಲು ತುಂಬಿಸಿಟ್ಟು ಬಿಡುವ ಮನೆಯಲ್ಲಿ ಆರು ತಿಂಗಳಲ್ಲಿ ಬೆಕ್ಕು ಗುಂಡಗಾಗುತ್ತದೆ. ಅಳೆದು, ದಿನಕ್ಕೆ ಎರಡು ಮೂರು ಹೊತ್ತು ಕೊಡಿ. ಪಕ್ಕೆಲುಬು ಕೈಗೆ ಸಿಗುವ ಹಾಗಿರಲಿ.

ಕತ್ತರಿ ಬೇಡ ಎನ್ನುವವರ ಆಯ್ಕೆಗಳು

ಡೆಸ್ಲೊರೆಲಿನ್ ಇಂಪ್ಲಾಂಟ್ ಅಕ್ಕಿಕಾಳಿನಷ್ಟು ದೊಡ್ಡದು, 4.7 ಮಿಲಿಗ್ರಾಂ, ಹೆಗಲ ನಡುವೆ ಚರ್ಮದಡಿಗೆ ಸೂಜಿಯಲ್ಲಿ ಸೇರಿಸುತ್ತಾರೆ. ಯುರೋಪಿನಲ್ಲಿ ಗಂಡು ಬೆಕ್ಕಿಗೆ ಇದಕ್ಕೆ ಅನುಮೋದನೆ ಇದೆ. ಟೆಸ್ಟೊಸ್ಟೆರಾನ್ ಇಳಿಯುವುದರಿಂದ ಚಿಮ್ಮಿಸುವುದೂ ನಾತವೂ ಎರಡೂ ಹೋಗುತ್ತವೆ. ಮೊದಲ ಕೆಲವು ವಾರ ಹಾರ್ಮೋನು ಏರಿ ಹೊಡೆಯುವುದು ಹೆಚ್ಚಾಗಬಹುದು, ಫಲ ಸ್ಥಿರವಾಗಲು ಆರು ವಾರ. ಸುಮಾರು ಒಂದು ವರ್ಷ, ಕೆಲವು ಬೆಕ್ಕಿನಲ್ಲಿ ಇನ್ನೂ ಹೆಚ್ಚು ಕಾಲ ನಿಲ್ಲುತ್ತದೆ, ಆಮೇಲೆ ಎಲ್ಲವೂ ಹಿಂದಿನಂತೆ. ಮರಿ ಮಾಡಿಸಬೇಕೆಂದಿರುವ ಒಳ್ಳೆ ತಳಿಯ ಬೆಕ್ಕಿಗೆ, ಹೃದಯದ ಕಾಯಿಲೆಯಿಂದ ಅರಿವಳಿಕೆ ಆಗದ ಬೆಕ್ಕಿಗೆ ಇದು ಸರಿಯಾದ ದಾರಿ. "ಆಪರೇಷನ್ ಆದರೆ ಬೆಕ್ಕು ಹೇಗಿರುತ್ತದೋ" ಎಂಬ ಅನುಮಾನದವರಿಗೆ ಒಂದು ವರ್ಷದ ಪರೀಕ್ಷೆಯೂ ಆದೀತು. ಎಲ್ಲ ಕ್ಲಿನಿಕ್‌ನಲ್ಲೂ ಸಿಗುವಂಥದ್ದಲ್ಲ, ಮತ್ತೆ ಮತ್ತೆ ಹಾಕಿಸುವ ಖರ್ಚು ಒಮ್ಮೆಯ ಆಪರೇಷನ್ನನ್ನು ಮೀರುತ್ತದೆ. ವಿದೇಶದಲ್ಲಿರುವ ಕನ್ನಡಿಗರಿಗೆ ಸುಲಭವಾಗಿ ಸಿಗಬಹುದು.

ಮೆಡ್ರಾಕ್ಸಿಪ್ರೊಜೆಸ್ಟೆರಾನ್, ಮೆಜೆಸ್ಟ್ರಾಲ್‌ನಂತಹ ಹಾರ್ಮೋನಿನ ಚುಚ್ಚುಮದ್ದು ಮತ್ತು ಮಾತ್ರೆಗಳು ಹಳೆಯ ಕಾಲದ ಉಪಾಯ. ಅಗ್ಗ, ಕೆಲವರಲ್ಲಿ ಬೇಗ ಫಲ ಕೊಡುತ್ತವೆ. ಆದರೆ ಸಕ್ಕರೆ ಕಾಯಿಲೆ, ಗಂಡು ಬೆಕ್ಕಿನಲ್ಲೂ ಮೊಲೆಗಡ್ಡೆ, ಅಡ್ರಿನಲ್ ಗ್ರಂಥಿ ಕುಗ್ಗುವುದು, ಇವೆಲ್ಲ ಇದರ ಬೆಲೆ. ಇನ್ನೂರು ಮುನ್ನೂರು ರೂಪಾಯಿಗೆ ಕೆಲಸ ಮುಗಿಯುತ್ತದೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಈ ಪಟ್ಟಿಯಲ್ಲಿ ನಾನು ಸಾರಾಸಗಟಾಗಿ ತಳ್ಳಿಹಾಕುವುದು ಇದೊಂದನ್ನೇ.

ವೀರ್ಯನಾಳ ಮಾತ್ರ ಕತ್ತರಿಸುವ ವ್ಯಾಸೆಕ್ಟಮಿಯಿಂದ ಮರಿಯಾಗುವುದು ನಿಲ್ಲುತ್ತದೆ, ಬೀಜ ಅಲ್ಲೇ ಇರುವುದರಿಂದ ಉಚ್ಚೆಯ ಸಮಸ್ಯೆ ಹಾಗೆಯೇ.

ಏನೂ ಮಾಡದೆ ಹೊರಗೆ ಬಿಟ್ಟು ಸಾಕುವುದೂ ಒಂದು ಆಯ್ಕೆಯೆಂದೇ ಹಳ್ಳಿಗಳಲ್ಲಿ ನಡೆದುಬಂದಿದೆ. ಅಂಗಳ, ಕೊಟ್ಟಿಗೆ, ತೋಟ ಇರುವಲ್ಲಿ ನಾತ ಮನೆಯೊಳಗೆ ತಿಳಿಯದಿರಬಹುದು. ಬೆಕ್ಕು ಮಾತ್ರ ಬೆದೆಯ ಕಾಲದಲ್ಲಿ ವಾರಗಟ್ಟಲೆ ನಾಪತ್ತೆಯಾಗಿ, ಕಿವಿ ಹರಿದು, ಮೂಳೆ ಚಕ್ಕಳವಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಫ್ಲಾಟಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಆಪರೇಷನ್ ಆಗಿಯೂ ಹೊಡೆಯುತ್ತಿದ್ದರೆ

ಮೊದಲು ಎರಡೂ ಬೀಜ ನಿಜವಾಗಿ ತೆಗೆದಿದ್ದಾರೆಯೇ ನೋಡಿ. ದೊಡ್ಡದಾದ ಮೇಲೆ ದತ್ತು ತಂದ ಬೆಕ್ಕಿನ ವಿಷಯದಲ್ಲಿ ಇದು ಮುಖ್ಯ. ಕೆಲವು ಗಂಡುಗಳಲ್ಲಿ ಒಂದು ಬೀಜ ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಉಳಿದಿರುತ್ತದೆ. ಚೀಲ ಖಾಲಿ ಕಂಡರೂ ಟೆಸ್ಟೊಸ್ಟೆರಾನ್ ಹರಿಯುತ್ತಿರುತ್ತದೆ. ವೈದ್ಯರು ಶಿಶ್ನದ ಮೇಲಿನ ಮುಳ್ಳುಗಳನ್ನು ನೋಡಿದರೆ ತಿಳಿಯುತ್ತದೆ: ಬೀಜ ತೆಗೆದ ಆರು ವಾರದೊಳಗೆ ಅವು ಕರಗಿಹೋಗಬೇಕು, ಇದ್ದರೆ ಎಲ್ಲೋ ಒಂದು ಬೀಜ ಉಳಿದಿದೆ ಎಂದರ್ಥ. ಅದನ್ನು ಹುಡುಕಿ ತೆಗೆಸಬೇಕು. ಜತೆಗೇ ಮೂತ್ರ ಪರೀಕ್ಷೆ ಮಾಡಿಸಿ.

ಅದೆಲ್ಲ ಸರಿಯಿದ್ದರೆ ಅಗ್ಗದಿಂದ ದುಬಾರಿಯ ಕಡೆಗೆ ಹೋಗಿ, ತಿರುಗಿಸಿ ಹೋಗಬೇಡಿ. ಡಿಫ್ಯೂಸರಿಗೆ ಹಣ ಸುರಿದು, ಹಳೆಯ ಕಲೆಯನ್ನು ಹಾಗೇ ಬಿಟ್ಟ ಮನೆಗಳಲ್ಲಿ ಯಾವುದೂ ಫಲಿಸುವುದಿಲ್ಲ.

ಶುಚಿ ಮಾಡುವುದು ಎಂದರೆ ಫಿನಾಯಿಲ್ ಅಲ್ಲ. ಫಿನಾಲ್ ಜಾತಿಯ ವಸ್ತುಗಳನ್ನು ಬೆಕ್ಕಿನ ಯಕೃತ್ತು ಹೊರಹಾಕಲಾರದು. ಪಾದಕ್ಕೆ ಅಂಟಿ, ನೆಕ್ಕಿ, ವಿಷವೇರುತ್ತದೆ. ಅಮೋನಿಯಾ ಇರುವ ದ್ರವಕ್ಕೆ ಉಚ್ಚೆಯದೇ ವಾಸನೆ, ಬೆಕ್ಕು ಮತ್ತೆ ಅಲ್ಲೇ ಬರುತ್ತದೆ. ಬ್ಲೀಚಿಂಗ್ ಪುಡಿ ಉಚ್ಚೆಯ ಜತೆ ಸೇರಿದರೆ ಕೆಟ್ಟ ಅನಿಲ ಏಳುತ್ತದೆ. ಸರಿಯಾದ ಕ್ರಮ ಹೀಗೆ: ಒದ್ದೆಯನ್ನು ಒತ್ತಿ ತೆಗೆಯಿರಿ, ಉಜ್ಜಬೇಡಿ. ಎನ್‌ಜೈಮ್ ಇರುವ ಬಟ್ಟೆ ಪುಡಿಯನ್ನು ಒಂದು ಪಾಲಿಗೆ ಒಂಬತ್ತು ಪಾಲು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಕಲೆಯ ಸುತ್ತ ಒಂದಡಿ ಹೆಚ್ಚಿಗೆ ಹಚ್ಚಿ ಹತ್ತು ಹದಿನೈದು ನಿಮಿಷ ಬಿಡಿ. ಬಿಸಿನೀರಾದರೆ ಎನ್‌ಜೈಮ್ ಕೆಡುತ್ತದೆ. ಬರೀ ನೀರಿನಲ್ಲಿ ತೊಳೆದು ಒಣಗಿಸಿ, ಕೊನೆಗೆ ಸರ್ಜಿಕಲ್ ಸ್ಪಿರಿಟ್ ಒರೆಸಿ. ಪಾಲಿಶ್ ಮಾಡಿದ ಮರಕ್ಕೆ, ಬಣ್ಣದ ಬಟ್ಟೆಗೆ ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಸ್ಪಿರಿಟ್ ಒಲೆಯ ಹತ್ತಿರ, ಸಿಲಿಂಡರಿನ ಮೇಲೆ ಬೇಡ. ಕಣ್ಣಿಗೆ ಕಾಣದ ಹಳೆಯ ಕಲೆಗೆ ರಾತ್ರಿ ದೀಪ ಆರಿಸಿ ನೇರಳಾತೀತ ಟಾರ್ಚ್ ಹಿಡಿದರೆ ಹಳದಿ ಹಸಿರಾಗಿ ಹೊಳೆಯುತ್ತದೆ. ಮೂರು ನಾಲ್ಕು ಬೆಕ್ಕುಗಳಲ್ಲಿ ಹೊಡೆಯುವುದು ಯಾವುದೆಂದು ತಿಳಿಯದಿದ್ದರೆ ಹಳೆಯ ಮೊಬೈಲನ್ನೇ ರಾತ್ರಿ ಕ್ಯಾಮೆರಾ ಮಾಡಿಡಿ.

ಮುಂದಿನದು ಮನೆಯ ವ್ಯವಸ್ಥೆ. ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚು, ಬೇರೆ ಬೇರೆ ಕೋಣೆಯಲ್ಲಿ. ಸಾಲಾಗಿ ಇಟ್ಟ ಮೂರು ಟ್ರೇ ಬೆಕ್ಕಿನ ಲೆಕ್ಕದಲ್ಲಿ ಒಂದೇ. ಟ್ರೇ ಉದ್ದ ಬೆಕ್ಕಿನ ಉದ್ದದ ಒಂದೂವರೆ ಪಟ್ಟು. ಅಂಗಡಿಯ ಪುಟ್ಟ ಟ್ರೇಗಿಂತ ಬಟ್ಟೆ ಇಡುವ ದೊಡ್ಡ ಪ್ಲಾಸ್ಟಿಕ್ ಡಬ್ಬದ ಒಂದು ಬದಿ ತಗ್ಗಾಗಿ ಕತ್ತರಿಸಿದರೆ ಅಗ್ಗ ಮತ್ತು ಚೆನ್ನ. ದಿನಕ್ಕೆ ಎರಡು ಸಲ ಗಲೀಜು ಎತ್ತಿ. ಊಟದ ಬಟ್ಟಲು, ನೀರು, ಮಲಗುವ ಎತ್ತರದ ಜಾಗ ಕೂಡ ಬೇರೆ ಬೇರೆ ಕಡೆ ಹಂಚಿಡಿ. ಕಿಟಕಿ, ಬಾಲ್ಕನಿ ಬಾಗಿಲ ಹತ್ತಿರವೇ ಕಲೆಗಳಿದ್ದರೆ ಹೊರಗಿನ ಗಂಡೊಂದು ಬರುತ್ತಿದೆ ಎಂದರ್ಥ. ಗಾಜಿನ ಕೆಳಗಿನ ಎರಡಡಿಗೆ ಮಸುಕು ಸ್ಟಿಕರ್ ಅಂಟಿಸಿದರೆ ಸಾಕಾಗುವುದುಂಟು. ಹೊಡೆದದ್ದಕ್ಕೆ ಬೈದು, ಮೂಗು ತಿಕ್ಕಿದರೆ ಹೆದರಿಕೆ ಹೆಚ್ಚಿ ಇನ್ನೂ ಹೊಡೆಯುತ್ತದೆ.

ಇದಿಷ್ಟನ್ನು ಒಂದು ತಿಂಗಳು ಮಾಡಿ, ದಿನಕ್ಕೆ ಎಷ್ಟು ಸಲ, ಎಲ್ಲಿ ಎಂದು ಬರೆದಿಟ್ಟುಕೊಂಡ ಮೇಲೆ ಫೆರೊಮೋನ್ ಡಿಫ್ಯೂಸರಿಗೆ ಬನ್ನಿ. ಬೆಕ್ಕು ಕೆನ್ನೆ ಉಜ್ಜುವಾಗ ಬಿಡುವ ವಾಸನೆಯ ಕೃತಕ ರೂಪ ಅದರಲ್ಲಿದೆ. ಅಡ್ಡಪರಿಣಾಮವಿಲ್ಲ, ಫಲ ಬೆಕ್ಕಿನಿಂದ ಬೆಕ್ಕಿಗೆ ಬೇರೆ, ಬೀಜ ಇರುವ ಗಂಡಿಗೆ ಇದೊಂದೇ ಸಾಲದು. ಒಂದು ಡಿಫ್ಯೂಸರ್ 50ರಿಂದ 70 ಚದರ ಮೀಟರಿಗೆ, ಅಂದರೆ 550ರಿಂದ 750 ಚದರಡಿಗೆ. ಸಾವಿರ ಚದರಡಿಯ ಎರಡು ಕೋಣೆಯ ಫ್ಲಾಟಿಗೆ ಎರಡು ಬೇಕು. ರೀಫಿಲ್ ಒಂದು ತಿಂಗಳಿಗೆ. ಎರಡು ಪ್ಲಗ್ಗಿಗೆ ವರ್ಷಕ್ಕೆ 24 ರೀಫಿಲ್ ಕೊಳ್ಳುವ ಮುಂಚೆ ಅಂಗಡಿಯ ದರದಿಂದ ಗುಣಿಸಿ ನೋಡಿ. ಸೋಫಾದ ಹಿಂದೆ, ಪರದೆಯ ಅಡಿ, ತೆರೆದ ಕಿಟಕಿಯ ಪಕ್ಕ ಹಾಕಿದರೆ ಹಣ ಗಾಳಿಗೆ.

ಕೊನೆಯದು ಮಾತ್ರೆ. ಮನುಷ್ಯರಲ್ಲಿ ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಅಥವಾ ಕ್ಲೊಮಿಪ್ರಮಿನ್. ಬೀಜ ತೆಗೆದೂ ಹೊಡೆಯುವ ಬೆಕ್ಕುಗಳಲ್ಲಿ ಇವುಗಳ ಫಲಕ್ಕೆ ಒಳ್ಳೆಯ ಪುರಾವೆ ಇದೆ, ಡಿಫ್ಯೂಸರಿಗಿಂತ ಖಚಿತ. ಮಾತ್ರೆಯೂ ದುಬಾರಿಯಲ್ಲ. ಬೆಲೆ ತೆರುವುದು ಬೇರೆ ಕಡೆ: ದಿನವೂ ಬೆಕ್ಕಿನ ಬಾಯಿಗೆ ಔಷಧಿ ಹಾಕಬೇಕು, ಫಲ ಪೂರ್ತಿ ಕಾಣಲು ನಾಲ್ಕರಿಂದ ಎಂಟು ವಾರ, ಹಸಿವು ಕುಗ್ಗಬಹುದು, ಮಂಕಾಗಬಹುದು, ನಿಲ್ಲಿಸಿದರೆ ಹಲವು ಬೆಕ್ಕು ಮತ್ತೆ ಶುರು ಮಾಡುತ್ತವೆ. ಫ್ಲುಆಕ್ಸೆಟಿನ್ ಪ್ರಮಾಣ ಕೆಜಿಗೆ 0.5ರಿಂದ 1 ಮಿಲಿಗ್ರಾಂ. ಮನುಷ್ಯರ ಕ್ಯಾಪ್ಸೂಲ್‌ನಲ್ಲಿ 20 ಮಿಲಿಗ್ರಾಂ ಇರುವುದರಿಂದ ನಾಲ್ಕು ಕೆಜಿ ಬೆಕ್ಕಿಗೆ ಅದರ ಐದನೆಯ ಒಂದು ಭಾಗವೂ ಗರಿಷ್ಠವೇ. ಭಾಗ ಮಾಡುವುದನ್ನು ವೈದ್ಯರಿಂದಲೇ ಕಲಿತು ಮಾಡಿ. ಶುರುವಿಗೆ ಮುಂಚೆ ರಕ್ತ ಪರೀಕ್ಷೆ, ನಿಲ್ಲಿಸುವಾಗ ವಾರಗಟ್ಟಲೆ ಇಳಿಸುತ್ತಾ ಬರಬೇಕು.

ನಿಮ್ಮ ಮನೆಗೆ ಯಾವುದು

ಐದು ತಿಂಗಳ ಮರಿ, ಹೊಡೆಯಲು ಇನ್ನೂ ಶುರು ಮಾಡಿಲ್ಲ: ಈ ತಿಂಗಳೇ ಆಪರೇಷನ್, ಬೇರೆ ಯಾವುದಕ್ಕೂ ಖರ್ಚು ಬೇಡ. ಎರಡು ವರ್ಷದ್ದು, ಆಗಲೇ ಹೊಡೆಯುತ್ತಿದೆ: ಆಪರೇಷನ್ ಮತ್ತು ಅದೇ ವಾರ ಎಲ್ಲ ಕಲೆಗಳ ಶುಚಿ, ಆಮೇಲೆ ಆರು ತಿಂಗಳ ತಾಳ್ಮೆ. ಕೈಯಲ್ಲಿ ಹಣ ಬಹಳ ಕಡಿಮೆ ಇದ್ದರೆ ಡಿಫ್ಯೂಸರಿನ ಹಣವನ್ನು ಉಳಿಸಿ ಕಾಲೇಜು ಆಸ್ಪತ್ರೆಯ ಅಥವಾ ಶಿಬಿರದ ಸರದಿ ಹಿಡಿಯಿರಿ. ಮರಿ ಮಾಡಿಸಲೇಬೇಕೆಂದಿರುವವರು ಇಂಪ್ಲಾಂಟ್ ಸಿಗುತ್ತದೆಯೇ ಕೇಳಿ. ಸಿಗದಿದ್ದರೆ ಬೆಕ್ಕಿಗೆ ತೊಳೆಯಬಹುದಾದ ಟೈಲ್ಸಿನ ಪ್ರತ್ಯೇಕ ಕೋಣೆ ಬೇಕು, ಅದು ಇಲ್ಲದ ಫ್ಲಾಟಿನಲ್ಲಿ ಬೀಜದ ಗಂಡನ್ನು ಸಾಕುವುದು ಬೆಕ್ಕಿಗೂ ಮನೆಯವರಿಗೂ ಶಿಕ್ಷೆ. ನಾಲ್ಕು ಬೆಕ್ಕಿನ ಮನೆಯಲ್ಲಿ ಎಲ್ಲಕ್ಕೂ ಆಪರೇಷನ್ ಆಗಿದ್ದೂ ಒಂದು ಹೊಡೆಯುತ್ತಿದ್ದರೆ ಮೊದಲು ಟ್ರೇ ಮತ್ತು ಜಾಗದ ಹಂಚಿಕೆ, ಆಮೇಲೆ ನೇರವಾಗಿ ಮಾತ್ರೆಯ ಬಗ್ಗೆ ವೈದ್ಯರೊಡನೆ ಮಾತಾಡಿ.

ಹೊಡೆಯುವುದು ನಿಮ್ಮ ಬೆಕ್ಕೇ ಅಲ್ಲ, ಬೀದಿಯ ಗಂಡು ಬಂದು ಸ್ಕೂಟರಿಗೆ, ಹೊಸ್ತಿಲಿಗೆ, ತುಳಸಿಕಟ್ಟೆಗೆ ಹೊಡೆದು ಹೋಗುತ್ತಿದ್ದರೆ? ನುಸಿಗುಳಿಗೆ, ಖಾರದಪುಡಿ ಎರಚಬೇಡಿ. ನುಸಿಗುಳಿಗೆ ಬೆಕ್ಕಿಗೆ ವಿಷ, ಖಾರ ಕಣ್ಣು ಸುಡುತ್ತದೆ, ಎರಡೂ ಅದನ್ನು ಪಕ್ಕದ ಗೇಟಿಗೆ ಕಳಿಸುತ್ತವೆ ಅಷ್ಟೇ. ಗೋಣಿಚೀಲದಲ್ಲಿ ಹಾಕಿ ದೂರ ಬಿಟ್ಟು ಬಂದರೆ ಬೆಕ್ಕಿಗೆ ಹಿಂಸೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಗಂಡು ಬರುತ್ತದೆ. ದಿನಾ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಊಟವಿಟ್ಟು ವಾರ ರೂಢಿಸಿ, ಸಂಸ್ಥೆಯಿಂದ ಬೋನು ತಂದು ಊಟವನ್ನು ಅದರೊಳಗೆ ಇಡಿ. ಸಿಕ್ಕ ಕೂಡಲೇ ಬೋನಿನ ಮೇಲೆ ಬಟ್ಟೆ ಮುಚ್ಚಿದರೆ ಸುಮ್ಮನಾಗುತ್ತದೆ. ಬರಿಗೈಯಲ್ಲಿ ಹಿಡಿಯಬೇಡಿ, ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪಿನಲ್ಲಿ ತೊಳೆದು ಅಂದೇ ರೇಬೀಸ್ ಲಸಿಕೆ ಶುರು ಮಾಡಿಸಿ. ಆಪರೇಷನ್ ಜತೆಗೆ ರೇಬೀಸ್ ಲಸಿಕೆ ಹಾಕಿಸಿ, ಕಿವಿಯ ತುದಿಗೆ ಗುರುತು ಮಾಡಿಸಿದರೆ ಇನ್ನೊಬ್ಬರು ಅದನ್ನೇ ಮತ್ತೆ ಹಿಡಿದು ಒಯ್ಯುವುದು ತಪ್ಪುತ್ತದೆ. ಗಂಡಾದರೆ ಪೂರ್ತಿ ಎಚ್ಚರವಾಗಿ ಊಟ ಮಾಡಿದ ಮಾರನೆಯ ದಿನವೇ ಹಿಡಿದ ಜಾಗದಲ್ಲೇ ಬಿಡಬಹುದು. ಬಿಡುವ ಮುಂಚೆ ಗೇಟು, ಸ್ಕೂಟರಿನ ಚಕ್ರ, ಹೊಸ್ತಿಲುಗಳನ್ನು ಮೇಲೆ ಹೇಳಿದ ಕ್ರಮದಲ್ಲೇ ತೊಳೆದಿರಿ.